‘ನಾಯ್ಬಂತು’ ಅಂದರೆ ನಾಯಿ: ಮಲೆನಾಡಿನ ಒಂದು ಮಗು ಮಾತಿನೊಳಗೆ ಪದ ಹುಡುಕಿದ ಬಗೆ

ಹೆಣ್ಣು ಮಗು. ವಯಸ್ಸು 22 ತಿಂಗಳು. ಊರು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಮನೆಮಾತು ಕನ್ನಡ. ಅಡಿಕೆ ತೋಟದ ಮನೆ. ಅಪ್ಪ, ಅಮ್ಮ, ಅಜ್ಜಿ, ದೊಡ್ಡಪ್ಪ, ದೊಡ್ಡಮ್ಮ, ಅವರ ಇಬ್ಬರು ಮಕ್ಕಳು ಎಲ್ಲ ಒಟ್ಟಿಗೇ ಇದ್ದಾರೆ. ಅಮ್ಮ ಹೇಳಿದ ದೂರು: “ಮಾತು ಬರ್ತಿಲ್ಲ ಮೇಡಂ. ಬಂದಿದ್ದೂ ಎಂತ ಅಂತ ಅರ್ಥ ಆಗಲ್ಲ.”

ಮನೆಯಲ್ಲಿ ಎಲ್ಲರೂ ಅವಳನ್ನು ಪುಟ್ಟಿ ಅನ್ನುತ್ತಾರೆ. ಇಲ್ಲಿ ನಾನೂ ಹಾಗೇ ಕರೆಯುತ್ತೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬಿಟ್ಟಿದ್ದೇನೆ.

ನಾನು ಶಿವಮೊಗ್ಗದಲ್ಲಿ ಮಕ್ಕಳ ಮಾತು ಮತ್ತು ಕಿವಿಯ ತೊಂದರೆಗಳನ್ನು ನೋಡುವ ಕೆಲಸ ಮಾಡುತ್ತೇನೆ. ಮಾತು ತಡವಾಯಿತು ಅಂತ ಬರುವ ಮಕ್ಕಳು ಬಹಳ. ಅವರಲ್ಲಿ ಪುಟ್ಟಿಯ ಬಗ್ಗೆಯೇ ಬರೆಯಲು ಒಂದು ಕಾರಣ ಇದೆ. ಅವಳ ತಪ್ಪು ಮಾತುಗಳನ್ನು ಮನೆಯವರು ಲೆಕ್ಕಕ್ಕೇ ತಗೊಂಡಿರಲಿಲ್ಲ. ಅವಳು ಎಷ್ಟು ಕಲಿತಿದ್ದಾಳೆ, ಎಲ್ಲಿ ಸಿಕ್ಕಿಕೊಂಡಿದ್ದಾಳೆ ಅನ್ನುವುದು ಆ ತಪ್ಪುಗಳಲ್ಲೇ ಇತ್ತು.

ಬಂದಾಗಿನ ಸ್ಥಿತಿ

ದೀಪಾವಳಿ ಮುಗಿದಿತ್ತು. ಅವರ ತೋಟದಲ್ಲಿ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವ ಕೆಲಸ, ಶುರುವಾಗಿತ್ತು. ಅಂಗನವಾಡಿ ಕಾರ್ಯಕರ್ತೆ ಹೇಳಿದ ಮೇಲೆ ಅಮ್ಮ ಮತ್ತು ಅಜ್ಜಿ ಮಗುವನ್ನು ಕರೆದುಕೊಂಡು ಬಂದರು. ಅಜ್ಜಿಗೆ ಬರುವ ಮನಸ್ಸೇ ಇರಲಿಲ್ಲ. “ಎಂತಕ್ಕೆ ಹೆದರ್ತೀಯೇ, ಇವಳಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು” ಅಂತ ದಾರಿಯುದ್ದಕ್ಕೂ ಹೇಳುತ್ತಾ ಬಂದಿದ್ದರಂತೆ.

ಅಮ್ಮ ಒಂದು ಚೀಟಿ ತಂದಿದ್ದರು. ಅದರಲ್ಲಿ ಎಂಟು ಪದ: ಅಮ್ಮ, ಅಪ್ಪ, ಅಜ್ಜಿ, ಬಾ, ತಾ, ಮಮ್ಮು, ಟಾಟಾ, ಇಲ್ಲ. ಎರಡು ವರ್ಷ ತುಂಬುವ ಹೊತ್ತಿಗೆ ಮಗುವಿಗೆ ಕನಿಷ್ಠ 50 ಪದ ಬರಬೇಕು, ಎರಡು ಪದ ಸೇರಿಸಿ ಹೇಳಲು ಶುರುವಾಗಿರಬೇಕು. ಇಲ್ಲದಿದ್ದರೆ ಗಮನ ಕೊಡಬೇಕು ಅನ್ನುವುದು ನಮ್ಮ ಕೆಲಸದಲ್ಲಿ ಬಳಸುವ ಅಳತೆ. ಆ ಅಳತೆಗೆ ಎಂಟು ತೀರಾ ಕಡಿಮೆ.

ಆದರೆ ಮಗು ಚುರುಕಾಗಿತ್ತು. ಕಿಟಕಿ ಆಚೆ ಹಸು ಕಂಡರೆ ಬೆರಳು ತೋರಿಸಿ ಅಮ್ಮನ ಮುಖ ನೋಡುತ್ತಿತ್ತು. ಆಟದ ಸಾಮಾನು ತಂದು ನನಗೆ ತೋರಿಸಿತು. ಬಾಗಿಲು ಹಾಕಿ, ಫ್ಯಾನ್ ನಿಲ್ಲಿಸಿ, ಕೈಸನ್ನೆ ಮಾಡದೆ “ಪುಟ್ಟಿ, ಚಪ್ಪಲಿ ತಗೊಂಡು ಬಾ” ಅಂದೆ. ತಂದಳು. ಅದೇ ಮಾತನ್ನು ಫ್ಯಾನ್ ಹಾಕಿ, ಸ್ವಲ್ಪ ದೂರದಿಂದ, ಬೆನ್ನ ಹಿಂದೆ ನಿಂತು ಹೇಳಿದಾಗ ತಿರುಗಲೇ ಇಲ್ಲ. ಇದನ್ನು ನಾನು ದಪ್ಪ ಅಕ್ಷರದಲ್ಲಿ ಬರೆದುಕೊಂಡೆ.

ಇವರಿಗೆ ಮೊದಲೇ ಒಬ್ಬರು ಸಲಹೆ ಕೊಟ್ಟಿದ್ದರು: ಮಗುವಿನ ಹತ್ತಿರ ವಾಕ್ಯ ಆಡಬೇಡಿ, ಒಂದೊಂದೇ ಪದ ಬಿಡಿಸಿ ಹೇಳಿ, ಫೋನಿನಲ್ಲಿ ಪದ ಕಲಿಸುವ ವಿಡಿಯೋ ಹಾಕಿ. ಅಮ್ಮ ಅದನ್ನು ಶ್ರದ್ಧೆಯಿಂದ ಮಾಡುತ್ತಿದ್ದರು. “ಚೆಂಡು. ಚೆಂಡು. ಹೇಳು, ಚೆಂಡು.” ಮಗು ಎದ್ದು ಅಜ್ಜಿಯ ಹತ್ತಿರ ಹೋಗುತ್ತಿತ್ತು. ಅಮ್ಮ ಇದನ್ನು ಹೇಳುವಾಗ ಅವರ ಕಣ್ಣು ತುಂಬಿತ್ತು.

ಚೀಟಿಯಲ್ಲಿ ಇಲ್ಲದ ಪದಗಳು

“ಸರಿಯಾದ ಪದ ಬಿಡಿ. ಅವಳ ಬಾಯಿಂದ ಬರೋದೆಲ್ಲ ಹೇಳಿ” ಅಂತ ಅಜ್ಜಿಯನ್ನು ಕೇಳಿದೆ. ಅಜ್ಜಿ ಯೋಚಿಸದೆ ಹೇಳುತ್ತಾ ಹೋದರು. ಅದರಲ್ಲಿ ನಾಲ್ಕು ಇಲ್ಲಿ ಮುಖ್ಯ.

ಅನ್ನಕ್ಕೆ ‘ಯನ್ನ’. ಏನು ಬೇಕಾದರೂ ‘ಬೇಕಾ’. ಏನಾದರೂ ಬಿದ್ದರೆ, ಚೆಲ್ಲಿದರೆ ‘ತಾಯ್ತು’. ನಾಯಿಗೆ ‘ನಾಯ್ಬಂತು’. ನಾಯಿ ಜಗಲಿಯಲ್ಲಿ ಮಲಗಿದ್ದರೂ ನಾಯ್ಬಂತು, ಎದ್ದು ಹೋಗುತ್ತಿದ್ದರೂ ನಾಯ್ಬಂತು.

ಈ ಪದಗಳು ಎಲ್ಲಿಂದ ಬಂದವು ಅಂತ ಹುಡುಕಲು ಕಷ್ಟವಾಗಲಿಲ್ಲ. ಅಜ್ಜಿ ಊಟಕ್ಕೆ ಕರೆಯುವಾಗ ದಿನಾ ಹೇಳುವ ಮಾತು “ಬಿಸಿಯನ್ನ ತಿಂತೀಯಾ?” ಇಲ್ಲಿ ಬಿಸಿ, ಅನ್ನ ಎರಡರ ನಡುವೆ ‘ಯ’ ಬಂದು ಕೂರುತ್ತದೆ. ಶಾಲೆಯಲ್ಲಿ ನಾವೆಲ್ಲ ಓದಿದ ಆಗಮ ಸಂಧಿಯ ಕೆಲಸ ಇದು. ಪುಟ್ಟಿ ‘ಬಿಸಿ’ಯನ್ನು ಬಿಡಿಸಿದ್ದಾಳೆ, ಆದರೆ ‘ಯ’ ಅನ್ನದ ಪಾಲಿಗೆ ಹೋಗಿದೆ. “ಎಂತಾಯ್ತು?” ಅನ್ನುವುದರಿಂದ ‘ತಾಯ್ತು’ ಬಂದಿದೆ. ಯಾರಾದರೂ ಅಂಗಳಕ್ಕೆ ಬಂದ ನಾಯಿ ತೋರಿಸಿ “ನಾಯ್ಬಂತು ನಾಯ್ಬಂತು” ಅಂದಿದ್ದು ಹಾಗೇ ಉಳಿದಿದೆ. ‘ಬೇಕಾ’ ಅಂತೂ ಎಷ್ಟೋ ಕನ್ನಡದ ಮಕ್ಕಳ ಬಾಯಲ್ಲಿ ಕೇಳಿದ್ದೇನೆ. ದೊಡ್ಡವರು ಮಗುವಿನ ಹತ್ತಿರ ‘ಬೇಕು’ ಅನ್ನುವುದು ಕಡಿಮೆ, ‘ಬೇಕಾ?’ ಅನ್ನುವುದೇ ಜಾಸ್ತಿ ಅಲ್ವಾ?

ನಾಲ್ಕರಲ್ಲಿ ಎರಡು ಕಡೆ ಅವಳು ಮಾತನ್ನು ಕತ್ತರಿಸಿದ್ದಾಳೆ, ಕತ್ತರಿಸಿದ ಜಾಗ ಸ್ವಲ್ಪ ಆಚೀಚೆ ಆಗಿದೆ. ಇನ್ನೆರಡು ಕಡೆ ಕತ್ತರಿಸಬೇಕಾದಲ್ಲಿ ಕತ್ತರಿಸಿಲ್ಲ. ಕತ್ತರಿಸುವ ಕೆಲಸ ನಡೆಯುತ್ತಲೇ ಇದೆ ಅನ್ನುವುದಂತೂ ಸ್ಪಷ್ಟ. ಇದನ್ನು ಅಮ್ಮನಿಗೆ ವಿವರಿಸಿದಾಗ ಅವರು ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. “ಕತ್ತರಿಸೋದು ಎಂತಕ್ಕೆ ಮೇಡಂ? ನಾವು ಬಿಡಿಬಿಡಿಯಾಗೇ ಮಾತಾಡ್ತೀವಲ್ಲ?”

ಮಾತಿನಲ್ಲಿ ಖಾಲಿ ಜಾಗ ಇಲ್ಲ

ನಾವು ಬಿಡಿಬಿಡಿಯಾಗಿ ಬರೆಯುತ್ತೇವೆ, ಮಾತಾಡುವುದು ಹಾಗಲ್ಲ. ಅಜ್ಜಿ ಹೇಳಿದ ಒಂದು ವಾಕ್ಯವನ್ನು ರೆಕಾರ್ಡ್ ಮಾಡಿ, ದನಿ ಏರಿಳಿಯುವ ಗೆರೆಯನ್ನು ಪರದೆಯ ಮೇಲೆ ಅಮ್ಮನಿಗೆ ತೋರಿಸಿದೆ. “ಪುಟ್ಟಿಬೆಕ್ಕೆಲ್ಲೋಯ್ತೇ?” ದನಿ ನಿಂತು ಗೆರೆ ಎದ್ದು ಕಾಣುವಷ್ಟು ಮಟ್ಟಸವಾದದ್ದು ಎರಡು ಕಡೆ. ಒಂದು ‘ಪುಟ್ಟಿ’ಯ ಟ್ಟ ಒಳಗೆ, ಇನ್ನೊಂದು ‘ಬೆಕ್ಕು’ವಿನ ಕ್ಕ ಒಳಗೆ. ಅಂದರೆ ಮೌನ ಇದ್ದದ್ದು ಪದದ ಹೊಟ್ಟೆಯಲ್ಲಿ! ಬೆಕ್ಕು ಮುಗಿದು ಎಲ್ಲಿ ಶುರುವಾಗುವ ಜಾಗದಲ್ಲಿ ಮೌನ ಇಲ್ಲ. ಅಲ್ಲಿದ್ದ ಉಕಾರವೂ ಬಿದ್ದುಹೋಗಿದೆ. ಮೌನ ಇರುವಲ್ಲಿ ಕತ್ತರಿಸು ಅನ್ನುವ ನಿಯಮ ಹಿಡಿದರೆ ಮಗು ಕನ್ನಡ ಕಲಿಯಲು ಸಾಧ್ಯವೇ ಇಲ್ಲ.

ಹಾಗಾದರೆ ಮಗು ಯಾವುದನ್ನು ಹಿಡಿಯುತ್ತದೆ? ಇದಕ್ಕೆ ಒಂದು ದೊಡ್ಡ ಉತ್ತರ 1996ರಲ್ಲಿ ಸಿಕ್ಕಿತು. ಅಮೆರಿಕದಲ್ಲಿ ಜೆನ್ನಿ ಸಾಫ್ರನ್, ರಿಚರ್ಡ್ ಆಸ್ಲಿನ್, ಎಲಿಸಾ ನ್ಯೂಪೋರ್ಟ್ ಅನ್ನುವ ಮೂವರು 8 ತಿಂಗಳ ಮಕ್ಕಳಿಗೆ ಎರಡು ನಿಮಿಷ ಒಂದು ಧ್ವನಿ ಕೇಳಿಸಿದರು. ಯಾವ ಭಾಷೆಯಲ್ಲೂ ಇಲ್ಲದ, ಮೂರು ಮೂರು ಉಚ್ಚಾರದ (ಬಾ, ತಾ, ಪು ತರದ ಒಂದೊಂದು ತುಂಡು ಒಂದು ಉಚ್ಚಾರ) ನಾಲ್ಕು ಪದಗಳನ್ನು ಅದರಲ್ಲಿ ಹಿಂದುಮುಂದಾಗಿ ಜೋಡಿಸಿದ್ದರು. ನಡುವೆ ನಿಲುಗಡೆ ಇಲ್ಲ, ಏರಿಳಿತ ಇಲ್ಲ, ಅರ್ಥ ಮೊದಲೇ ಇಲ್ಲ. ಇದ್ದ ಸುಳಿವು ಒಂದೇ. ಪದದ ಒಳಗೆ ಒಂದು ಉಚ್ಚಾರದ ಮುಂದೆ ಯಾವಾಗಲೂ ಅದೇ ಇನ್ನೊಂದು ಬರುತ್ತಿತ್ತು. ಪದ ಮುಗಿದ ಮೇಲೆ ಮೂರರಲ್ಲಿ ಯಾವುದಾದರೂ ಒಂದು ಬರಬಹುದಿತ್ತು. ಆಮೇಲೆ ಪದಗಳನ್ನೂ, ಪದದ ಅಂಚುಗಳನ್ನು ದಾಟಿ ಕತ್ತರಿಸಿದ ತುಂಡುಗಳನ್ನೂ ಬೇರೆಬೇರೆಯಾಗಿ ಕೇಳಿಸಿದರು. ಮಕ್ಕಳು ಆ ತುಂಡುಗಳಿಗೆ ಹೆಚ್ಚು ಹೊತ್ತು ಕಿವಿಗೊಟ್ಟರು, ಅವು ಹೊಸದೆನ್ನುವ ಹಾಗೆ. ಎರಡೇ ನಿಮಿಷದಲ್ಲಿ ಆ ಲೆಕ್ಕ ಅವರಿಗೆ ಸಿಕ್ಕಿತ್ತು.

ಇದನ್ನು ಪುಟ್ಟಿಯ ಮನೆಗೆ ತಂದು ನೋಡಿ. ದಿನವಿಡೀ ಅವಳ ಕಿವಿಗೆ ಬೀಳುವುದು: ಪುಟ್ಟಿಬಾರೇ, ಪುಟ್ಟಿಗೆಹಾಲು, ಪುಟ್ಟಿಯೆಲ್ಲಿ, ಪುಟ್ಟಿಯೇಳು. ‘ಪು’ ಬಂದರೆ ಮುಂದೆ ‘ಟ್ಟಿ’ ಬಂದೇ ಬರುತ್ತದೆ. ‘ಟ್ಟಿ’ ಆದಮೇಲೆ ಏನು ಬರುತ್ತದೋ ಗೊತ್ತಿಲ್ಲ. ಆ ‘ಗೊತ್ತಿಲ್ಲ’ ಅನ್ನುವ ಜಾಗವೇ ಪದದ ಅಂಚು. ಈಗ ‘ನಾಯ್ಬಂತು’ ನೋಡಿ. ಆ ಮನೆಯಲ್ಲಿ ನಾಯಿಯ ಮಾತು ಬರುವುದೇ ಅದು ಬಂದಾಗ. ನಾಯಿ ಆದಮೇಲೆ ಬಹುಪಾಲು ಬಂತು. ಲೆಕ್ಕದ ಪ್ರಕಾರ ಅದು ಒಂದೇ ಪದ. ಪುಟ್ಟಿಯ ಲೆಕ್ಕ ತಪ್ಪಿರಲಿಲ್ಲ, ಅವಳಿಗೆ ಸಿಕ್ಕ ಉದಾಹರಣೆಗಳೇ ಒಂದೇ ತೆರನಾಗಿದ್ದವು.

ಲೆಕ್ಕ ಒಂದೇ ಅಲ್ಲ, ಬೇರೆ ಆಸರೆಗಳೂ ಇವೆ. ನಾಲ್ಕೂವರೆ ತಿಂಗಳಿಗೇ ಮಕ್ಕಳು ತಮ್ಮ ಹೆಸರಿನ ಧ್ವನಿಯನ್ನು ಗುರುತಿಸುತ್ತಾರೆ ಅಂತ 1995ರ ಒಂದು ಅಧ್ಯಯನ ತೋರಿಸಿತು. 2005ರಲ್ಲಿ ಇನ್ನೊಂದು ಅಧ್ಯಯನ, 6 ತಿಂಗಳ ಮಗು ತನ್ನ ಹೆಸರಿನ ಅಥವಾ ‘ಅಮ್ಮ’ ಅನ್ನುವ ಪದದ ಪಕ್ಕದಲ್ಲಿ ಬಂದ ಹೊಸ ಪದವನ್ನು ಬಿಡಿಸಿಕೊಳ್ಳಬಲ್ಲದು ಅಂತ ತೋರಿಸಿತು. ಗೊತ್ತಿರುವುದು ಎಲ್ಲಿ ಮುಗಿಯುತ್ತದೋ ಅಲ್ಲಿಂದ ಗೊತ್ತಿಲ್ಲದ್ದು ಶುರು. ಪುಟ್ಟಿ, ಅಮ್ಮ, ಅಜ್ಜಿ ಅಂತ ಮಾತಿನ ನಡುನಡುವೆ ಕರೆಯುವ ನಮ್ಮ ಅಭ್ಯಾಸ ಮಗುವಿಗೆ ನಿಜವಾಗಿ ಉಪಕಾರ ಮಾಡುತ್ತದೆ.

ಇಂಗ್ಲಿಷ್ ಮಕ್ಕಳಿಗೆ ಇನ್ನೊಂದು ದಾರಿ ಇದೆ. ಆ ಭಾಷೆಯ ಹೆಚ್ಚಿನ ಪದಗಳಲ್ಲಿ ಒತ್ತು, ಅಂದರೆ ದನಿಯ ಜೋರು, ಮೊದಲ ಉಚ್ಚಾರದ ಮೇಲೆ ಬೀಳುತ್ತದೆ. ಏಳೂವರೆ ತಿಂಗಳ ಮಕ್ಕಳು ಒತ್ತು ಕೇಳಿದಲ್ಲಿ ಪದ ಶುರು ಅಂದುಕೊಳ್ಳುತ್ತಾರೆ ಅಂತ ಪೀಟರ್ ಯೂಸಿಕ್ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದರು. ‘ಗಿಟಾರ್’ನಲ್ಲಿ ಒತ್ತು ‘ಟಾರ್’ ಮೇಲೆ ಇರುವುದರಿಂದ ಆ ವಯಸ್ಸಿನ ಮಕ್ಕಳು ಅಲ್ಲಿ ತಪ್ಪಾಗಿ ಕತ್ತರಿಸುತ್ತಾರೆ. ಹತ್ತೂವರೆ ತಿಂಗಳಿಗೆ ಸರಿಹೋಗುತ್ತಾರೆ. ಕನ್ನಡದಲ್ಲಿ ಅಷ್ಟು ಗಟ್ಟಿಯಾದ ಒತ್ತು ಇಲ್ಲ. ಅದಕ್ಕೇ ಇಂಗ್ಲಿಷ್ ಮಕ್ಕಳಿಗಾಗಿ ಮಾಡಿದ ಸಲಹೆಗಳನ್ನು ಹಾಗೇ ಎತ್ತಿ ನಮ್ಮ ಮಕ್ಕಳ ಮೇಲೆ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ನಮ್ಮ ಭಾಷೆಗೆ ಅದರದೇ ಸುಳಿವುಗಳಿವೆ. ಅಚ್ಚಗನ್ನಡ ಪದ ‘ಳ’ದಿಂದಲೋ ‘ಣ’ದಿಂದಲೋ ಶುರುವಾಗುವುದಿಲ್ಲ. ಒತ್ತಕ್ಷರದ ಕ್ಕ, ಪ್ಪ, ಟ್ಟ ಕೂಡ ಪದದ ಮೊದಲಲ್ಲಿ ಬರುವುದಿಲ್ಲ. ಮಳೆ, ಬಳೆ, ಕಣ್ಣು, ಹಕ್ಕಿ ಯಾವುದೇ ಇರಲಿ, ಈ ಧ್ವನಿ ಕೇಳಿದರೆ ಪದ ಆಗಲೇ ಶುರುವಾಗಿದೆ ಅಂತ ಅರ್ಥ. ಯಾವ ಧ್ವನಿಗಳು ಅಂಚಿನಲ್ಲಿ ಬರುತ್ತವೆ, ಯಾವುವು ಒಳಗೆ ಬರುತ್ತವೆ ಅನ್ನುವುದನ್ನು 9 ತಿಂಗಳ ಮಕ್ಕಳು ಬಳಸಿಕೊಳ್ಳುತ್ತಾರೆ ಅಂತ ಇಂಗ್ಲಿಷ್ ಮಕ್ಕಳಲ್ಲಿ ಕಂಡಿದೆ. ಪುಟ್ಟಿಯ ಒಂದು ತಪ್ಪೂ ‘ಳ’ದಿಂದಾಗಲಿ ‘ಣ’ದಿಂದಾಗಲಿ ಶುರುವಾಗಿರಲಿಲ್ಲ. ‘ಯನ್ನ’ ತಪ್ಪು, ಆದರೆ ಕನ್ನಡದ ಪದ ಇರಬಹುದಾದ ರೂಪದಲ್ಲೇ ಇದೆ. ಇದು ನನಗೆ ಬಹಳ ಧೈರ್ಯ ಕೊಟ್ಟ ವಿಷಯ.

ಕಿವಿ

ಲೆಕ್ಕ ಹಾಕುವ ಮಗುವಿಗೆ ಮೊದಲು ಮಾತು ಸರಿಯಾಗಿ ಕೇಳಬೇಕು. ಪುಟ್ಟಿಗೆ ಹುಟ್ಟಿದಾಗ ಕಿವಿ ಪರೀಕ್ಷೆ ಆಗಿತ್ತು, ಪಾಸಾಗಿತ್ತು. ಅದಕ್ಕೇ ಮನೆಯವರು ಕಿವಿಯ ಬಗ್ಗೆ ಯೋಚಿಸಿರಲಿಲ್ಲ. ಹುಟ್ಟಿದಾಗಿನ ಪರೀಕ್ಷೆ ಆವತ್ತಿನ ಕಿವಿಯ ಬಗ್ಗೆ ಮಾತ್ರ ಹೇಳುತ್ತದೆ. ಆಮೇಲೆ ಬರುವ ತೊಂದರೆ ಅದಕ್ಕೆ ಗೊತ್ತಾಗುವುದಿಲ್ಲ.

ಆ ಮಳೆಗಾಲದಲ್ಲಿ ಮಗುವಿಗೆ ಮೇಲಿಂದ ಮೇಲೆ ಶೀತ ಆಗಿತ್ತು. ಪರೀಕ್ಷೆಯಲ್ಲಿ ಎರಡೂ ಕಿವಿಯ ತಮಟೆ ಸರಿಯಾಗಿ ಅಲುಗುತ್ತಿರಲಿಲ್ಲ. ಕಿವಿ-ಮೂಗು-ಗಂಟಲಿನ ವೈದ್ಯರು ನೋಡಿ, ತಮಟೆಯ ಹಿಂದೆ ನೀರು ನಿಂತಿದೆ ಅಂದರು. ಚಿಕ್ಕ ಮಕ್ಕಳಲ್ಲಿ ಇದು ಸಾಮಾನ್ಯ. ನೋವು, ಜ್ವರ ಇರುವುದಿಲ್ಲ, ಹಾಗಾಗಿ ಗೊತ್ತಾಗುವುದೂ ಇಲ್ಲ. ಕಿವುಡಾಗುವುದಿಲ್ಲ. ಆದರೆ ಮಾತು ಮಂದವಾಗಿ ಕೇಳುತ್ತದೆ. ಮೆಲ್ಲಗೆ ಹೇಳಿದ್ದು, ದೂರದಿಂದ ಹೇಳಿದ್ದು ತಪ್ಪಿಹೋಗುತ್ತದೆ. ಹೆಚ್ಚಿನ ಮಕ್ಕಳಲ್ಲಿ ಮೂರು ತಿಂಗಳೊಳಗೆ ತಾನೇ ಇಳಿಯುತ್ತದೆ. ಇಲ್ಲೂ ವೈದ್ಯರು ಮೂರು ತಿಂಗಳು ಕಾದು ಮತ್ತೆ ನೋಡೋಣ ಅಂದರು. ಕಿವಿಗೆ ಬಿಸಿ ಎಣ್ಣೆ ಬಿಡಬೇಡಿ ಅಂತ ಅಜ್ಜಿಗೆ ಖಡಾಖಂಡಿತ ಹೇಳಿದರು. ನೀರು ಇರುವುದು ತಮಟೆಯ ಆಚೆ, ಎಣ್ಣೆ ಅಲ್ಲಿಗೆ ಹೋಗುವುದೇ ಇಲ್ಲ.

ಕನ್ನಡ ಕಲಿಯುವ ಮಗುವಿಗೆ ಈ ಮಂದ ಕಿವಿ ಎಲ್ಲಿ ಪೆಟ್ಟು ಕೊಡುತ್ತದೆ? ನಮ್ಮ ಮಾತಿನಲ್ಲಿ ಅರ್ಥದ ಎಷ್ಟೋ ಭಾಗ ಪದದ ಬಾಲದಲ್ಲಿದೆ. ಮನೆ, ಮನೇಲಿ, ಮನೆಗೆ, ಮನೆಯಿಂದ. ಆ ಬಾಲಗಳನ್ನು ನಾವು ಸಣ್ಣದಾಗಿ, ಬೇಗ ಹೇಳಿಬಿಡುತ್ತೇವೆ. ಅವು ಮಸುಕಾದರೆ ಮನೆ ಎಲ್ಲಿಗೆ ಮುಗಿಯಿತು ಅನ್ನುವುದೇ ಮಗುವಿಗೆ ಸಿಗುವುದಿಲ್ಲ.

ಇದರ ಮೇಲೆ ಮನೆಯ ಗದ್ದಲ. ಅಂಗಳಕ್ಕೆ ಶೀಟು ಹಾಕಿಸಿದ್ದರು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಇವರ ಊರು ಅದಕ್ಕೆ ದೂರವಿಲ್ಲ. ಶೀಟಿನ ಮೇಲೆ ಮಳೆ ಹೊಡೆಯುವಾಗ ದೊಡ್ಡವರೇ ಕೂಗಿ ಮಾತಾಡಬೇಕು. ಮಳೆ ಬಿಟ್ಟ ಮೇಲೆ ಅಡಿಕೆ ಸುಲಿಯುವ ಮಷೀನು, ಒಳಗೆ ಸಂಜೆಯಿಂದ ಟಿವಿ. ದೊಡ್ಡವರು ಅರ್ಧ ಕೇಳಿ ಉಳಿದರ್ಧ ಊಹಿಸುತ್ತಾರೆ. ಪದಗಳೇ ಗೊತ್ತಿಲ್ಲದ ಮಗು ಹೇಗೆ ಊಹಿಸೀತು? ಗದ್ದಲದ ನಡುವೆ ಮಾತು ಹಿಡಿಯಲು ದೊಡ್ಡವರಿಗಿಂತ ಮಗುವಿಗೆ ಮಾತು ಇನ್ನೂ ಎದ್ದು ಕೇಳಬೇಕು.

ಮನೆಯಲ್ಲಿ ಬದಲಾಯಿಸಿದ್ದು

ಒಂದೊಂದೇ ಪದ ಹೇಳುವ ಅಭ್ಯಾಸವನ್ನು ಪೂರ್ತಿ ಬಿಡಿಸಲಿಲ್ಲ. ಬಿಡಿ ಪದಗಳಿಂದ ಮಗುವಿಗೆ ಉಪಯೋಗ ಇದೆ. ಅಮ್ಮಂದಿರು ಸಹಜವಾಗಿ ಆಡುವ ಮಾತಿನಲ್ಲೇ ನೂರಕ್ಕೆ ಸುಮಾರು ಒಂಬತ್ತು ಬಿಡಿ ಪದಗಳು ಅಂತ ಇಂಗ್ಲಿಷ್ ಮನೆಗಳಲ್ಲಿ 2001ರ ಒಂದು ಅಧ್ಯಯನ ಲೆಕ್ಕ ಹಾಕಿದೆ. ಹೀಗೆ ಬಿಡಿಯಾಗಿ ಹೆಚ್ಚು ಸಲ ಕೇಳಿದ ಪದಗಳನ್ನು ಮಕ್ಕಳು ಕಲಿಯುವ ಸಾಧ್ಯತೆಯೂ ಜಾಸ್ತಿ ಇತ್ತು. ಆದರೆ ಉಳಿದ ತೊಂಬತ್ತೊಂದು ವಾಕ್ಯಗಳೇ. ಬಿಡಿ ಪದ ಮಾತ್ರ ಕೇಳಿದ ಮಗುವಿಗೆ ಕತ್ತರಿಸುವುದನ್ನು ಕಲಿಯಲು ಮಾತೇ ಸಿಗುವುದಿಲ್ಲ. ‘ಚೆಂಡು, ಚೆಂಡು’ ಅನ್ನುವುದರ ಜೊತೆ ‘ಚೆಂಡು ಉರುಳ್ತು, ಚೆಂಡೆಲ್ಲಿ, ಚೆಂಡಿಗೆ ಮಣ್ಣಾಯ್ತು’ ಎಲ್ಲ ಬರಬೇಕು. ಹಿಂದೆ ಮುಂದೆ ಬರುವುದು ಬದಲಾದಾಗಲೇ ನಡುವಿನದು ಒಂದು ಅಂತ ಗೊತ್ತಾಗುವುದು.

ಇಲ್ಲಿ ನಮ್ಮ ಭಾಷೆಯ ಇನ್ನೊಂದು ಗುಣ ಕೆಲಸಕ್ಕೆ ಬಂತು. ಕನ್ನಡ ವಾಕ್ಯದ ಕೊನೆಯಲ್ಲಿ ಕ್ರಿಯಾಪದ ಇರುತ್ತದೆ. ವಾಕ್ಯದ ಕೊನೆ ಎದ್ದು ಕೇಳುವ ಜಾಗ, ಮುಂದೆ ನಿಜವಾದ ಮೌನ ಇರುವ ಜಾಗ. ಪುಟ್ಟಿಯ ಬೇಕಾ, ಬಂತು, ಆಯ್ತು ಎಲ್ಲ ಅಲ್ಲಿಂದಲೇ ಬಂದಿದ್ದವು. ನಾಯಿ, ಅನ್ನದಂಥ ನಾಮಪದಗಳಿಗೆ ಆ ಜಾಗ ಸಿಗುವುದೇ ಕಡಿಮೆ. ಆದರೆ ನಾವು ಮಾತಾಡುವಾಗ ವಾಕ್ಯ ತಿರುಗಿಸುತ್ತೇವಲ್ಲ? “ಎಲ್ಲೋಯ್ತೇ, ಬೆಕ್ಕು?” “ತಿಂದ್ಯಾ ಪುಟ್ಟೀ, ಅನ್ನ?” “ಮಲಗಿದೆ ನೋಡು, ನಾಯಿ.” ಅಜ್ಜಿ ಇದನ್ನು ಯಾರೂ ಹೇಳಿಕೊಡದೆ ಮಾಡುತ್ತಿದ್ದರು. “ಅಜ್ಜಿ ಮಾತಾಡೋ ಹಾಗೆ ಎಲ್ಲರೂ ಮಾತಾಡಿ” ಅಂದೆ. ಅಜ್ಜಿಗೆ ಆಸ್ಪತ್ರೆ ಮೇಲಿದ್ದ ಬೇಸರ ಅಲ್ಲಿಗೆ ಹೋಯಿತು.

‘ನಾಯ್ಬಂತು’ವಿಗೆ ಮನೆಯವರೆಲ್ಲ ಸೇರಿ ಔಷಧಿ ಹುಡುಕಿದರು: ನಾಯಿ ಬಂತು ಅನ್ನುವುದನ್ನು ಕಡಿಮೆ ಮಾಡಿ, ನಾಯಿ ಹೋಯ್ತು, ನಾಯಿ ಮಲಗ್ತು, ನಾಯಿಗೆ ಹಾಕು ಅನ್ನುವುದು ಜಾಸ್ತಿ ಮಾಡಿದರು. ಜೊತೆಗೇ ಬಸ್ ಬಂತು, ಅಪ್ಪ ಬಂತು ನೋಡು, ಮಳೆ ಬಂತು. ‘ಯನ್ನ’ಕ್ಕೆ, ಅನ್ನವನ್ನು ಮಾತಿನ ಮೊದಲಿಗೆ ತಂದರು. ಅನ್ನ ಬೇಕಾ, ಅನ್ನ ಖಾಲಿ, ಅನ್ನ ಕಾಗೆಗೆ. ತಪ್ಪು ಹೇಳಿದಾಗ ತಿದ್ದುವುದು ಬೇಡ, ಸರಿಯಾದ ರೂಪದಲ್ಲಿ ಉತ್ತರ ಕೊಡಿ ಅಷ್ಟೇ ಸಾಕು ಅಂದೆ.

ಮಾತಾಡುವಾಗ ಟಿವಿ ಬಂದ್. ಮಷೀನು ಓಡುವಾಗ ಮಗು ಹಿತ್ತಲ ಕಡೆಯ ಕೋಣೆಯಲ್ಲಿ. ಹೇಳುವವರು ಮಗುವಿನ ಮುಖದ ಮಟ್ಟಕ್ಕೆ ಕೂತು, ಕೈಗೆಟುಕುವ ದೂರದಲ್ಲಿ ಹೇಳಬೇಕು. ವಿಡಿಯೋ ನಿಲ್ಲಿಸಲು ದೊಡ್ಡಮ್ಮ ಮೊದಲು ಒಪ್ಪಲಿಲ್ಲ. ಅವರಿಗೆ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದ ಬಗ್ಗೆ ಹೇಳಿದೆ. 9 ತಿಂಗಳ ಅಮೆರಿಕದ ಮಕ್ಕಳ ಜೊತೆ ಚೀನೀ ಭಾಷೆಯವರು ಎದುರು ಕೂತು ಆಡಿದಾಗ ಮಕ್ಕಳು ಆ ಭಾಷೆಯ ಧ್ವನಿ ವ್ಯತ್ಯಾಸ ಕಲಿತರು. ಅದನ್ನೇ ಪರದೆಯಲ್ಲಿ ತೋರಿಸಿದಾಗ ಕಲಿಯಲಿಲ್ಲ. ದೊಡ್ಡಮ್ಮ ಕೇಳಿ ಸುಮ್ಮನಿದ್ದರು. ಆಮೇಲೆ ಮನೆಯಲ್ಲಿ ಮಗುವಿನ ಜೊತೆ ಅತಿ ಹೆಚ್ಚು ಮಾತಾಡಿದವರು ಅವರೇ ಅಂತೆ.

ಆಮೇಲೆ ಕಂಡದ್ದು

25 ತಿಂಗಳಿಗೆ ಮತ್ತೆ ಪರೀಕ್ಷೆ ಆಯಿತು. ಕಿವಿಯ ನೀರು ಇಳಿದಿತ್ತು. ಅಮ್ಮನ ಚೀಟಿ ನೋಟ್‌ಬುಕ್ ಆಗಿತ್ತು. ಅದರಲ್ಲಿ ಅರವತ್ತು ದಾಟಿದ ಪದಗಳು, ತಪ್ಪು ರೂಪಗಳೂ ಸೇರಿ. ‘ಯನ್ನ’ ಹೋಗಿ ‘ಅನ್ನ’ ಬಂದಿತ್ತು. ನೋಟ್‌ಬುಕ್ಕಿನಲ್ಲಿ ನಾನು ಹುಡುಕಿದ್ದು ಒಂದೇ ಸಾಲು: ‘ನಾಯಿ ಓತು’ (ನಾಯಿ ಹೋಯ್ತು). ಅದರ ಕೆಳಗೆ ‘ಅಜ್ಜಿ ಬಂತು’. ನಾಯಿಯನ್ನು ಬಿಡಿಸಿ ಹೊಸದಕ್ಕೆ ಅಂಟಿಸಿದ್ದಾಳೆ, ಬಂತುವನ್ನು ಬಿಡಿಸಿ ಅಜ್ಜಿಗೆ ಅಂಟಿಸಿದ್ದಾಳೆ. ಅವಳು ಯಾರಿಂದಲೋ ಕೇಳಿ ಒಪ್ಪಿಸಿದ ಮಾತಲ್ಲ ಇದು, ತಾನೇ ಕಟ್ಟಿದ್ದು.

ಇದರಲ್ಲಿ ಕಿವಿ ತೆರೆದದ್ದರ ಪಾಲೆಷ್ಟು, ಮಾತಿನ ರೀತಿ ಬದಲಾದದ್ದರ ಪಾಲೆಷ್ಟು ಅಂತ ಒಂದೇ ಮಗುವನ್ನು ನೋಡಿ ಹೇಳಲಾಗದು. ಎರಡೂ ಒಟ್ಟಿಗೇ ಆದವು. ನನ್ನ ಅಭಿಪ್ರಾಯ ಕೇಳಿದರೆ, ಕಿವಿಯನ್ನು ನೋಡದೆ ಬರೀ ಮಾತಿನ ಅಭ್ಯಾಸ ಮಾಡಿಸಿದ್ದರೆ ಆ ತಿಂಗಳುಗಳು ವ್ಯರ್ಥವಾಗುತ್ತಿದ್ದವು.

‘ಬೇಕಾ’ ಮಾತ್ರ ಜಪ್ಪಯ್ಯ ಅನ್ನಲಿಲ್ಲ. 28 ತಿಂಗಳಲ್ಲೂ “ಹಾಲು ಬೇಕಾ” ಅಂತ ತನಗೇ ಹಾಲು ಕೇಳುತ್ತಿದ್ದಳು. ಅದರ ಬಗ್ಗೆ ನನಗೆ ಚಿಂತೆ ಇಲ್ಲ. ಜೊತೆಗೆ ಹೊಸ ತಪ್ಪೊಂದು ಬಂದಿತ್ತು. ಮಳೆಗಾಲ, ಚಳಿಗಾಲ ಎರಡೂ ಕೇಳಿ “ಈಗ ಯಾವ ಗಾಲ?” ಅಂತ ಕೇಳಿದ್ದಳು. ಎರಡು ಪದಗಳಿಂದ ಸಮಾನವಾದ ಭಾಗವನ್ನು ತೆಗೆದಿದ್ದಾಳೆ. ಕಾಲ ಅಲ್ಲಿ ಗಾಲ ಆಗಿರುವುದು ಸಂಧಿಯಿಂದ, ಅದು ಅವಳಿಗೆ ಗೊತ್ತಾಗಲು ಇನ್ನೂ ಸಮಯ ಬೇಕು. ಅಮ್ಮ ಇದನ್ನು ನೋಟ್‌ಬುಕ್ಕಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದು, ಪಕ್ಕದಲ್ಲಿ “ಕತ್ತರಿಸಿದ್ದಾಳೆ” ಅಂತ ಗುರುತು ಹಾಕಿದ್ದರು.

ಮುಂದಿನ ಯೋಜನೆ ಇಷ್ಟು: ಜೂನ್‌ಗೆ ಮೊದಲು ಒಮ್ಮೆ, ಮಳೆಗಾಲದ ನಡುವೆ ಒಮ್ಮೆ ಕಿವಿ ಪರೀಕ್ಷೆ. ಶೀತ ಎರಡು ವಾರ ದಾಟಿದರೆ, ಕರೆದರೆ ತಿರುಗದಿದ್ದರೆ, ಟಿವಿ ದನಿ ಹೆಚ್ಚಿಸು ಅಂತ ಹಟ ಮಾಡಿದರೆ, ಕಾಯದೆ ತಕ್ಷಣ ಬರಬೇಕು. ನೋಟ್‌ಬುಕ್ ಮುಂದುವರಿಯಬೇಕು, ತಪ್ಪುಗಳನ್ನು ಕೇಳಿದ ಹಾಗೇ ಬರೆಯಬೇಕು.